ಬಟ್ಟಲಿನ ಅಂಚು

ಬಿಳಿ ಬಟ್ಟೆಯ ಮೂಲೆ ಮತ್ತೆ ಎದ್ದಿತು, ಫ್ಯಾನಿನ ಗಾಳಿಗೆ, ಎದ್ದಾಗ ಅದರ ಕೆಳಗೆ ಬಟ್ಟಲಿನ ಬೆಳ್ಳಿಯ ಒಂದು ಗೆರೆ ಮಿಂಚಿತು, ಮತ್ತೆ ಮುಚ್ಚಿಕೊಂಡಿತು, ಯಾರಾದರೂ ಎದ್ದು ಆ ಫ್ಯಾನು ನಿಲ್ಲಿಸಬಾರದೇ, ಬಟ್ಟೆಯ ಮೇಲೆ ಏನಾದರೂ ಭಾರ ಇಡಬಾರದೇ, ಇಷ್ಟು ಜನ ಕೂತಿದ್ದಾರೆ, ಒಬ್ಬರ ಕಣ್ಣಿಗೂ ಬೀಳುವುದಿಲ್ಲ, ನನ್ನ ಕಣ್ಣಿಗೆ ಮಾತ್ರ ಬೀಳುತ್ತದೆ, ಬೀಳದೆ ಏನು, ಇವತ್ತು ಮುಂದಿನ ಬೆಂಚಿನಲ್ಲಿ ಕೂತಿದ್ದೇನಲ್ಲ, ಇಷ್ಟು ವರ್ಷ ಕೊನೆಯ ಬೆಂಚಿನ ಗೋಡೆಮೂಲೆ ನನ್ನದಾಗಿತ್ತು, ಪ್ರಸಂಗ ಮುಗಿದು ಕರ್ತನ ಭೋಜನ ಶುರುವಾಗುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಗೆ ನಡೆದರೆ ಯಾರಿಗೂ ಅಡ್ಡಿಯಿರಲಿಲ್ಲ, ಇವತ್ತು ಈ ಹುಡುಗಿ, ನನ್ನ ಹೆಲೆನ್, ಕೈ ಹಿಡಿದು ಎಳೆದು ತಂದು ಇಲ್ಲಿ ಕೂರಿಸಿದ್ದಾಳೆ— ಕಳೆದ ವಾರ ಬಿಷಪ್ಪರಿಂದ ದೃಢೀಕರಣ ಪಡೆದ ಮಕ್ಕಳು ಇವತ್ತು ಮೊದಲ ಸಲ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವವರು, ಅವರು ಹೆತ್ತವರ ಜೊತೆ ಮುಂದೆ ಕೂರಬೇಕು, ಹೆತ್ತವರ ಜೊತೆಯೇ ಹೋಗಿ ವೇದಿಕೆಯ ಅಂಚಿನ ಮರದ ಕಟಕಟೆಯ ಮುಂದೆ ಮೊಣಕಾಲೂರಬೇಕು, ಯಲಹಂಕದ ಈ ಚರ್ಚಿನಲ್ಲಿ ಅದು ಮೊದಲಿನಿಂದ ಬಂದ ಪದ್ಧತಿ. ನೀನು ಬರ್ದಿದ್ರೆ ನಾನೂ ತಗೊಳಲ್ಲ ಕಣಮ್ಮ, ಮೊನ್ನೆ ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದಳು, ಅಪ್ಪ ಅಂತೂ ಇಲ್ಲ, ನೀನೂ ಹಿಂದೆ ಕೂತ್ಕೊಂಡ್ರೆ ನಾನೊಬ್ಳೇ ಅನಾಥೆ ತರ ಹೋಗ್ಲಾ, ನಂಗೇನೂ ಬೇಡ ಬಿಡು. ಬಿಡು ಅಂತೆ. ಎಷ್ಟು ಸಲೀಸು. ವರ್ಷವಿಡೀ ಪಾಠ ಕಲಿತು, ಶುಕ್ರವಾರ ಶುಕ್ರವಾರ ಸ್ಕೂಲಿನಿಂದ ನೇರ ಚರ್ಚಿಗೆ ಓಡಿ, ಸಾಲ್ಯಾ ಬೀದಿಯ ದರ್ಜಿ ಹೊಲಿದುಕೊಟ್ಟ ಬಿಳಿ ರವಿಕೆ ತೊಟ್ಟು, ಈಗ ನನ್ನ ದೆಸೆಯಿಂದ ಬೇಡವಂತೆ. ಹೋದರೆ ನನ್ನ ಮನಸ್ಸಿನ ಈ ಕೆಸರಿನ ಸಮೇತ ಹೋಗಬೇಕು, ಅದು ಪಾಪ, ಹೋಗದಿದ್ದರೆ ಮಗಳ ಬಾಯಿಗೆ ಆ ಚೂರು ರೊಟ್ಟಿ ಬೀಳದಂತೆ ಮಾಡಿದ ತಾಯಿ ನಾನು, ಅದೂ ಪಾಪ, ಯಾವ ಕಡೆ ಹೊರಳಿದರೂ ಮುಳ್ಳು. ಅದರ ಮೇಲೆ ನನ್ನ ಬಲಕ್ಕೆ, ಮೊಣಕೈ ತಗಲುವಷ್ಟು ಹತ್ತಿರ, ಯಾರು ಕೂತಿರಬೇಕು— ಮರಿಯಮ್ಮ, ಅವಳೇ, ನಡುದಾರಿಯ ಪಕ್ಕದ ಆ ಜಾಗ ಅವಳದು, ಯಾರೂ ಅಲ್ಲಿ ಕೂರುವಂತಿಲ್ಲ, ನೀಲಗಿರಿ ಎಣ್ಣೆಯ ವಾಸನೆ ಹೊಡೆಯುತ್ತಾ ಕಣ್ಣು ಮುಚ್ಚಿ ಕೂತಿದ್ದಾಳೆ, ಮಹಾ ಭಕ್ತೆ. ನನ್ನ ಕಣ್ಣು ಮಾತ್ರ ಮುಚ್ಚುವುದಿಲ್ಲ.

ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಈ ಮೇಜಿನ ಹತ್ತಿರ ಬರಬೇಡಿರಿ, ಅಯ್ಯನವರು ಎಚ್ಚರಿಕೆ ಹೇಳುತ್ತಿದ್ದಾರೆ, ಹೊಸದಾಗಿ ಬಂದ ಪಾದ್ರಿಗಳು, ಎಳೇ ವಯಸ್ಸು, ಕನ್ನಡಕ ಮೂಗಿನ ಮೇಲೆ ಜಾರುತ್ತದೆ, ಇಟ್ಟುಕೊಂಡು ಅಂತೆ, ನಾನೇನು ಜಾಡಿಯಲ್ಲಿ ಉಪ್ಪಿನಕಾಯಿ ಇಟ್ಟ ಹಾಗೆ ಇಟ್ಟುಕೊಂಡಿದ್ದೇನೆಯೇ, ಅದಾಗಿ ಬಂದು ಕೂತಿದೆ, ಏಳು ಎಂದರೆ ಏಳುವುದಿಲ್ಲ, ನಾನೇನು ಮಾಡಲಿ. ರೈಲು ಕೂಗಿತು. ಹಿಂದೂಪುರದ ಕಡೆಯಿಂದ ಬರುವುದು, ಇವತ್ತು ತಡ, ಈ ಕೂಗು ಕೇಳಿದರೆ ಸಾಕು ಪ್ರಾರ್ಥನೆಯ ನಡುವೆಯೂ ನಮ್ಮವರು ತಲೆ ಎತ್ತುತ್ತಿದ್ದರು, ಯಲಹಂಕ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ರಜಾ ದಿನವೂ ಕಿವಿ ಹಳಿಯ ಮೇಲೇ, ನಾನು ಈ ಕಡೆ ಹೆಂಗಸರ ಬೆಂಚಿನಿಂದ ಕಣ್ಣು ಬಿಟ್ಟರೆ ಆ ಕಡೆ ಗಂಡಸರ ಬೆಂಚಿನಿಂದ ನನ್ನ ನೋಡಿ ಕಳ್ಳನಗೆ ನಗುತ್ತಿದ್ದರು, ನನ್ನ ಗಂಡ, ದೇವದಾನಪ್ಪ, ಹೆಸರು ಹೇಳಬಾರದಂತೆ, ಈಗ ಹೇಳಿದರೆ ಏನು ಕಡಿಮೆಯಾಗುತ್ತದೆ. ಕೀರ್ತನೆಯಲ್ಲಿ ಅವರ ದಪ್ಪ ದನಿ ಕೆಳಗಿಂದ ಬರುತ್ತಿತ್ತು, ನೆಲದಿಂದ ಬಂದ ಹಾಗೆ, ಮೇಲಿನ ದನಿಗಳೆಲ್ಲ ಅದರ ಮೇಲೆ ನಿಂತಿರುತ್ತಿದ್ದವು, ಆಮೇಲೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಜ್ವರ, ಆಮೇಲೆ ಕ್ಷಯ ಎಂದರು ಡಾಕ್ಟರು. ಎಮರ್ಜೆನ್ಸಿ ಬಂದ ವರ್ಷ. ಆಸ್ಪತ್ರೆಯಲ್ಲಿಟ್ಟುಕೊಂಡು ಇಂಜೆಕ್ಷನ್ನು ಮಾತ್ರೆ ಎಲ್ಲ ಕೊಟ್ಟು, ಇನ್ನು ಯಾರಿಗೂ ಅಂಟಲ್ಲ, ಧೈರ್ಯವಾಗಿ ಓಡಾಡಪ್ಪ ಎಂದು ಡಾಕ್ಟರೇ ಕಳಿಸಿದ ಮೇಲೆ ತಾನೇ ಇವರು ಚರ್ಚಿಗೆ ಬಂದದ್ದು, ಸುಮ್ಮನೆ ಬಂದರೇ, ಕೇಳಿಕೊಂಡು ಬಂದರು, ಶರ್ಟು ತೋಳಿನಲ್ಲಿ ತೂಗಾಡುತ್ತಿತ್ತು, ಆದರೂ ಇಸ್ತ್ರಿ ಹಾಕಿಸಿದ ಶರ್ಟು. ನಮ್ಮಲ್ಲಿ ಒಂದೇ ಬಟ್ಟಲು. ಕಟಕಟೆಯ ಉದ್ದಕ್ಕೂ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು ಮೊಣಕಾಲೂರುತ್ತಾರೆ, ಅಯ್ಯನವರು ಬಟ್ಟಲನ್ನು ಗಂಡಸರ ಕೊನೆಯಿಂದ ತರುತ್ತಾರೆ, ಒಬ್ಬೊಬ್ಬರೂ ಬಟ್ಟಲಿನ ಕೆಳಗಿನ ಕಾಲು ಹಿಡಿದು ಒಂದು ಗುಟುಕು ಕುಡಿಯುವುದು, ಒಂದು ಸಾಲು ಪೂರ್ತಿ ಎದ್ದು ಹೋದ ಮೇಲೆ ಅಯ್ಯನವರು ಬಿಳಿ ಬಟ್ಟೆಯಲ್ಲಿ ಅಂಚು ಒರೆಸುತ್ತಾರೆ, ನಡುವೆ ಯಾರೂ ಒರೆಸುವುದಿಲ್ಲ, ಒರೆಸಬಾರದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವತ್ತು ಗಂಡಸರಲ್ಲಿ ಕೊನೆಯವರು ಇವರು. ಹೆಂಗಸರಲ್ಲಿ ಮೊದಲನೆಯವಳು ಮರಿಯಮ್ಮ. ಅವಳ ಪಕ್ಕ ನಾನು. ಇವರು ಕುಡಿದರು, ತುಟಿ ನಡುಗುತ್ತಿತ್ತು, ಕಾಯಿಲೆಗಲ್ಲ, ಎಷ್ಟೋ ತಿಂಗಳ ಮೇಲೆ ಕುಡಿಯುತ್ತಿದ್ದಾರೆ ಅಂತ, ಬಟ್ಟಲು ಈ ಕಡೆ ಬಂತು, ಮರಿಯಮ್ಮ ಒಂದು ಕೈಯಲ್ಲಿ ಅದರ ಕಾಲು ಹಿಡಿದಳು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಅಂಚು ಒರೆಸಿದಳು. ಸುತ್ತಲೂ. ನಿಧಾನಕ್ಕೆ. ಹಾಲಿನ ಪಾತ್ರೆಯ ಬಾಯಿ ಒರೆಸುವ ಹಾಗೆ. ಆಮೇಲೆ ಕುಡಿದಳು. ಇವರು ಇನ್ನೂ ಮೊಣಕಾಲ ಮೇಲೇ ಇದ್ದರು. ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.

ಆಮೇಲೆ ಏನು, ಆಮೇಲೆ ಏನೂ ಇಲ್ಲ, ಅದೇ ಹೊಟ್ಟೆ ಉರಿಸುವುದು, ಒಂದು ಜಗಳವಿಲ್ಲ, ಒಂದು ಮಾತಿಲ್ಲ, ಕೊನೆಯ ಕೀರ್ತನೆಯಲ್ಲಿ ಕೆಳಗಿನ ದನಿ ಬರಲಿಲ್ಲ ಅಷ್ಟೇ, ಎಲ್ಲರೂ ಹಾಡಿದರು, ಹಾಡು ಗಾಳಿಯಲ್ಲಿ ತೇಲುತ್ತಿತ್ತು, ಒಬ್ಬರೂ ತಿರುಗಿ ನೋಡಲಿಲ್ಲ. ಮಾರನೇ ತಿಂಗಳು ಪ್ರಸಂಗ ಮುಗಿಯುತ್ತಲೇ ಇವರು ಎದ್ದು ಹೊರಗೆ ಹೋಗಿ ಹೊಂಗೆ ಮರದ ಕಟ್ಟೆಯ ಮೇಲೆ ಕೂತರು, ನಾನು ಹಿಂದೆಯೇ ಓಡಿದೆ, ಯಾಕೆ ಬಂದ್ರಿ ಅಂದೆ, ಅವ್ಳ ಮನೇಲೂ ಮಕ್ಳವೆ ಕಣೆ, ನಾನ್ಯಾಕೆ ಎಲ್ರಿಗೂ ಕಸಿವಿಸಿ ಮಾಡ್ಲಿ, ನೀ ಹೋಗು ಒಳಗೆ. ನಾನು ಹೋಗಲಿಲ್ಲ, ಹೋಗುತ್ತೇನೆಯೇ, ಅವತ್ತಿನಿಂದ ನಾನೂ ಹೋಗಲಿಲ್ಲ. ಕೊನೆಕೊನೆಗೆ ಮತ್ತೆ ಹಾಸಿಗೆ ಹಿಡಿದಾಗ ಹಳೆಯ ಅಯ್ಯನವರು ಆ ಬೆಳ್ಳಿ ಬಟ್ಟಲನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೇ ಬಂದರು, ತಗೊಳಪ್ಪ ದೇವದಾನ, ಮನಸ್ಸು ಹಗುರ ಆಗತ್ತೆ, ಇವರು ಕೈಯಾಡಿಸಿಬಿಟ್ಟರು, ಬ್ಯಾಡಿ ಅಯ್ನೋರೆ, ಅದು ಎಲ್ರು ಕುಡಿಯೋ ಬಟ್ಲು. ಅಷ್ಟೇ. ಇವರು ತೆಗೆದುಕೊಳ್ಳದೆಯೇ ತೀರಿಹೋದರು. ಸಿಟ್ಟಿಲ್ಲದೆ ಹೋದರು, ಅದನ್ನಾದರೂ ಜೊತೆಗೆ ತೆಗೆದುಕೊಂಡು ಹೋಗಬಾರದಿತ್ತೇ, ತಾವು ಹಗುರವಾಗಿ ಹೋಗಿಬಿಟ್ಟರು, ಸಿಟ್ಟು ಪೂರ್ತಿ ನನ್ನ ಮಡಿಲಿಗೆ ಹಾಕಿ, ಅವರ ಪಾಲಿನದ್ದೂ ನಾನೇ ಹೊರಬೇಕು, ನನ್ನ ಪಾಲಿನದ್ದೂ ನಾನೇ ಹೊರಬೇಕು. ಪಕ್ಕದ ಮನೆ ಸಬೀರಾ ಬಂದರೆ ಮಂಚದ ತುದಿಯಲ್ಲೇ ಕೂರುತ್ತಿದ್ದಳು, ಏನ್ ಭಾಯ್, ಇವತ್ತು ಗಂಜಿ ಕುಡಿದ್ರಾ ಇಲ್ವಾ ಅಂತ ಗದರಿಸಿ, ಕೈಗೆ ಸಿಕ್ಕ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದು ಹೋಗುತ್ತಿದ್ದಳು, ಅವಳಿಗೇನು ಗೊತ್ತು ಯಾವ ಲೋಟ ಯಾರದ್ದು ಎಂದು. ಲೋಟ— ಅದು ಬೇರೆ. ಹಸಿರು ಅಂಚಿನ ಪಿಂಗಾಣಿ ಲೋಟ, ಬೇರೆ ಮೊಳೆಗೆ ತೂಗು ಹಾಕಿದ್ದು, ಅದನ್ನು ಇಟ್ಟದ್ದು ಡಾಕ್ಟರ ಮಾತಿಗೆ, ಮೊದಮೊದಲು ಡಾಕ್ಟರೇ ಹೇಳಿದ್ದರಲ್ಲ, ಮನೇಲಿ ಚಿಕ್ಕ ಹುಡ್ಗಿ ಇದೆ, ಲೋಟ ತಟ್ಟೆ ಬೇರೆ ಇಡಿ ಅಂತ, ಆಮೇಲೆ ಅಂಟಲ್ಲ ಅಂದ ಮೇಲೂ ಅದು ಅಲ್ಲೇ ಇತ್ತು, ಇತ್ತು ಅಷ್ಟೇ, ಅವರೇ ತೊಳೆದು ಅವರೇ ತೂಗು ಹಾಕುತ್ತಿದ್ದರು, ನಾನೇನು ಹಾಕು ಎಂದೆನೇ. ಹೆಲೆನ್‌ಗೆ ಅವಾಗ ಎಂಟೋ ಒಂಬತ್ತೋ, ಒರೆಸ್ಕೊಂಡು ಕುಡಿ ಮರಿ, ಏನೇ ಕುಡಿಯೋಕ್ ಮುಂಚೆ ಒರೆಸ್ಕೋಬೇಕು, ನಾನು ಹೇಳಿ ಹೇಳಿ ಈಗ ನೋಡಿ, ಡಬ್ಬಿಯಿಂದ ಆಗ ತಾನೇ ತೆಗೆದ ಲೋಟವನ್ನೂ ಪರಕರದ ಅಂಚಿನಲ್ಲಿ ಒರೆಸದೆ ನೀರು ಕುಡಿಯುವುದಿಲ್ಲ, ದೊಡ್ಡ ಡಾಕ್ಟರಮ್ಮ ಎಂದು ನಾನೇ ಅಣಕಿಸುತ್ತೇನೆ. ಮಳೆಗಾಲದಿಂದ ನನಗೂ ಒಂದು ಒಣಕೆಮ್ಮು ಹತ್ತಿದೆ, ಅದಕ್ಕೂ ಅವಳದೇ ರಗಳೆ, ಹೆಬ್ಬಾಳದ ಹತ್ರ ಡಾಕ್ಟ್ರಿಗೆ ತೋರ್ಸೋಣ, ಎಕ್ಸ್‌ರೇ ತೆಗೆಸೋಣ, ಏನೂ ಆಗಿಲ್ಲ ನನಗೆ. ಅದು ಮನೆಯ ಮಾತು, ಇದು ಕರ್ತನ ಬಟ್ಟಲು, ಎರಡೂ ಒಂದೇ ಅಲ್ಲ.

ಮರಿಯಮ್ಮ ಕೆಮ್ಮಿದಳು. ಕೆಮ್ಮಲಿ. ಈ ಎಳೇ ಅಯ್ಯನವರು ಮನೆಗೆ ಬಂದಾಗ, ಹೆಲೆನ್ನೇ ಕರೆಸಿದ್ದು, ನನ್ನ ಬೆನ್ನ ಹಿಂದೆ ಏನೇನು ಹೇಳಿದ್ದಳೋ, ಕುರ್ಚಿಯ ತುದಿಯಲ್ಲಿ ಕೂತು ಶುರು ಹಚ್ಚಿಕೊಂಡರು, ಅಮ್ಮಾ, ಮನಸ್ಸು ಪೂರ್ತಿ ಚೊಕ್ಕ ಆದ್ಮೇಲೆ ಬರ್ತೀನಿ ಅಂದ್ರೆ ಯಾರೂ ಬರಕ್ಕಾಗಲ್ಲ, ಮೊದ್ಲು ನಾನೇ ಬರಕ್ಕಾಗಲ್ಲ, ನಮ್ಮನ್ನ ನಾವು ಪರೀಕ್ಷೆ ಮಾಡ್ಕೊಂಡು ಊಟಕ್ಕೆ ಕೂರಬೇಕು ಅಂತ ಅಪೊಸ್ತಲರು ಹೇಳಿರೋದು, ಪರೀಕ್ಷೆ ಮಾಡ್ಕೊಂಡು ಎದ್ದು ಹೋಗಿ ಅಂತಲ್ಲ. ಸರಿ ಅಯ್ಯನವರೇ, ಹಾಗಾದ್ರೆ ಇದ್ದ ಹಾಗೇ ಬರ್ಲಾ. ಅಯ್ಯೋ, ಇದ್ದ ಹಾಗೇ ಬರೋದು ಬೇರೆ, ಇಟ್ಕೊಂಡು ಬರೋದು ಬೇರೆ, ಯಾರ ಮೇಲಾದ್ರೂ ಏನಾದ್ರೂ ಇದ್ರೆ ಮೊದ್ಲು ಹೋಗಿ ಅವರನ್ನ ಮಾತಾಡ್ಸಿ ಬನ್ನಿ, ನೀವು ಹೊಸ್ಲು ದಾಟಿ ಸಾಕು, ಮಿಕ್ಕಿದ್ದು ದೇವರು ನೋಡ್ಕೋತಾರೆ. ಏನು ನೋಡಿಕೊಳ್ಳುತ್ತಾರೆ, ಇಷ್ಟು ವರ್ಷ ನೋಡಿಕೊಂಡದ್ದು ಕಾಣುವುದಿಲ್ಲವೇ, ಬಾಯಿಗೆ ಬಂತು, ನುಂಗಿಕೊಂಡೆ, ಅಯ್ಯನವರು ಕಾಫಿ ಕುಡಿದು ಪ್ರಾರ್ಥನೆ ಮಾಡಿ ಹೋದರು. ಯಾರ ಮೇಲೆ ಏನು ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆ, ಒಂದು ಬಟ್ಟಲು ಒರೆಸಿದಳು ಎನ್ನಲೇ, ಯಾರಿಗೂ ಹೇಳಿಲ್ಲ ನಾನು, ಹೆಲೆನ್‌ಗೂ ಹೇಳಿಲ್ಲ, ಮರಿಯಮ್ಮ ಅಂದರೆ ಅಮ್ಮನಿಗಾಗಲ್ಲ, ಅಷ್ಟೇ ಅವಳಿಗೆ ಗೊತ್ತಿರುವುದು, ಹೇಳಹೊರಟರೆ ಬಾಯಲ್ಲಿ ಅದು ಎಷ್ಟು ಸಣ್ಣದಾಗಿಬಿಡುತ್ತದೆ, ಅಷ್ಟಕ್ಕಾ, ಎಂದುಬಿಡುತ್ತಾರೆ ಜನ, ಅಷ್ಟಕ್ಕೇ.

ಹೋದೆ. ಮಗಳ ಮುಖ ನೋಡಿ ಹೋದೆ, ನಿನ್ನೆ ಸಂಜೆ, ಸಂತೆ ಬೀದಿ ದಾಟಿ ಕೆರೆ ಏರಿಯ ಕೆಳಗೆ ಅವಳ ಮನೆ, ದಾರಿಯುದ್ದಕ್ಕೂ ಹೇಳಿಕೊಂಡೆ, ನೋಡು ಮರಿಯಮ್ಮ, ನೀನು ನಮ್ಮವರಿಗೆ ಮಾಡಿದ್ದನ್ನ ನಾನು ಮರೆತಿಲ್ಲ, ಆದ್ರೂ ಕರ್ತನ ಹೆಸರಿನಲ್ಲಿ ಕ್ಷಮಿಸಿದ್ದೀನಿ, ಹೀಗೆ ಹೇಳಬೇಕು, ಅಳಬಾರದು, ಕೂಗಬಾರದು, ಅವಳು ಅತ್ತರೆ ಸುಮ್ಮನೆ ನಿಂತಿರಬೇಕು, ಕೈ ಹಿಡಿಯಲು ಬಂದರೆ ಹಿಡಿಯಲು ಬಿಡಬೇಕು, ಎಲ್ಲ ಗೊತ್ತು ಮಾಡಿಕೊಂಡು ಹೋದರೆ ಅವಳು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ದ್ರಾಕ್ಷಿ ಹಿಂಡುತ್ತಿದ್ದಾಳೆ. ಹುಣಸಮಾರನಹಳ್ಳಿ ಕಡೆ ತೋಟದ ಪಿಳ್ಳಪ್ಪ ಬುಟ್ಟಿಗಟ್ಟಲೆ ಕರಿ ದ್ರಾಕ್ಷಿ ತಂದು ಚರ್ಚಿನ ಹೆಸರಿನಲ್ಲಿ ಅವಳಿಗೆ ಕೊಡುತ್ತಾನೆ, ಕರ್ತನ ಭೋಜನಕ್ಕೆ ರಸ ಕುದಿಸುವುದು ಅವಳ ಕೆಲಸ, ಮೊಣಕೈವರೆಗೂ ನೇರಳೆ ಬಣ್ಣ, ಬಾ ರಾಹೇಲಮ್ಮ ಬಾ, ಎಷ್ಟು ವರ್ಷ ಆಯ್ತು ನೀ ಈ ಕಡೆ ಬಂದು, ಕೂತ್ಕೋ, ಮಣೆ ತಗೋ, ಕೈ ಹೀಗಿದೆ ನೋಡು, ಕಾಫಿ ಸೊಸೆಗೆ ಹೇಳ್ತೀನಿ. ನಾನು ನಿಂತೇ ಹೇಳಿದೆ. ಎಲ್ಲ ಹೇಳಿದೆ. ಹೇಳಿ ಮುಗಿಸಿದೆ. ಅವಳು ಬಟ್ಟೆಯಲ್ಲಿ ಹಿಂಡುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಯಾವಾಗ? ಎಮರ್ಜೆನ್ಸಿ ವರ್ಷ, ದೇವದಾನಪ್ಪ ಆಸ್ಪತ್ರೆಯಿಂದ ಬಂದ ಮೇಲೆ, ಮೊದಲನೇ ಭಾನುವಾರ. ನಾನಾ? ನೀನೇ. ಬಟ್ಲು ಒರೆಸಿದ್ನಾ? ಒರೆಸಿದೆ, ಸೆರಗಲ್ಲಿ. ಅಯ್ಯೋ ದೇವ್ರೆ, ನಂಗೆ ನೆನಪೇ ಇಲ್ಲಮ್ಮ. ನೆನಪೇ ಇಲ್ಲ! ಸುಳ್ಳಾಡುತ್ತಿದ್ದಾಳೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಸುಳ್ಳಲ್ಲ, ದೇವರಾಣೆಗೂ ಸುಳ್ಳಲ್ಲ, ನೆನಪು ಮಾಡಿಕೊಳ್ಳಲು ಹಣೆ ಸುಕ್ಕು ಮಾಡಿಕೊಂಡು ಒದ್ದಾಡುತ್ತಿದ್ದಾಳೆ, ಪಾಪದವಳು, ಸಿಗುತ್ತಿಲ್ಲ, ದೇವದಾನಣ್ಣ ನಂಗೆ ನೆನಪವ್ರೆ ಕಣೆ, ಎಂಥಾ ಕಂಠ, ಅವ್ರು ಹೋದ್ಮೇಲೆ ಹಾಡು ಹಾಡಾಗೇ ಇಲ್ಲ, ಅಂಥವ್ರಿಗೆ ನಾನ್ಯಾಕೆ ಅಂಗ್ ಮಾಡ್ಲಿ, ಮಾಡಿದ್ರೂ ಮಾಡಿರ್ಬೋದು, ನಮ್ಮತ್ತೆ ಎಲ್ಲದನ್ನೂ ಒರೆಸು ಒರೆಸು ಅನ್ನೋರು, ಕೈಗೆ ಅಭ್ಯಾಸ, ಈಗೇನ್ ಮಾಡ್ಲಿ ಹೇಳು, ತಪ್ಪಾಯ್ತು ಅನ್ಬೇಕಾ, ಅಂತೀನಿ ಬಿಡು, ತಪ್ಪಾಯ್ತು ರಾಹೇಲಮ್ಮ. ಸಕ್ಕರೆ ಕಮ್ಮಿ ಹಾಕ್ಲಾ ಜಾಸ್ತಿ ಹಾಕ್ಲಾ ಅಂದಳು ಅದೇ ಉಸಿರಿನಲ್ಲಿ.

ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು, ಈಗಲೂ ಆಗುತ್ತದೆ, ತಪ್ಪಾಯ್ತು ಅಂತೆ, ಕಡ ತೆಗೆದುಕೊಂಡು ಹೋದ ಸೇರು ರಾಗಿಯನ್ನು ವಾಪಸು ಕೊಟ್ಟ ಹಾಗೆ ಕೊಟ್ಟಳು, ಅದನ್ನು ನಾನೇನು ಮಾಡಿಕೊಳ್ಳಲಿ, ನೆನಪೇ ಇಲ್ಲದವಳನ್ನು ಹೇಗೆ ಕ್ಷಮಿಸುವುದು, ಎಲ್ಲಿ ಇಡುವುದು ಕ್ಷಮೆಯನ್ನು, ಅವಳ ಕಡೆ ಇಡಲು ಜಾಗವೇ ಇಲ್ಲ, ಇಷ್ಟು ವರ್ಷ ನಾನು ರಾತ್ರಿ ಹಗಲು ಅವಳ ಜೊತೆ ಜಗಳವಾಡಿದ್ದೇನೆ, ಬಟ್ಟೆ ಒಗೆಯುವಾಗ, ರಾಗಿ ಬೀಸುವಾಗ, ನಿದ್ದೆ ಬಾರದಾಗ, ಅವಳ ಉತ್ತರಗಳನ್ನೂ ನಾನೇ ಕಟ್ಟಿದ್ದೇನೆ, ಆ ಮರಿಯಮ್ಮ ಎಷ್ಟು ಕೆಟ್ಟವಳು, ಎಷ್ಟು ನಾಲಿಗೆಯವಳು, ಈ ಮರಿಯಮ್ಮನಿಗೆ ಅವಳ ಪರಿಚಯವೇ ಇಲ್ಲ. ಕಾಫಿ ಕುಡಿದೆ. ಕುಡಿಯದೆ ಏನು ಮಾಡಲಿ. ನನ್ನ ಕೈಯಲ್ಲಿ ಲೋಟ ಕೊಟ್ಟು ಅವಳು ಮತ್ತೆ ದ್ರಾಕ್ಷಿಗೆ ಕೈ ಹಾಕಿದಳು, ಒಳ್ಳೇ ಬಣ್ಣ ಬಂದೈತೆ ಈ ಸಲ, ನಿನ್ ಮಗಳು ಮೊದಲ್ನೇ ಸಲ ಕುಡಿಯೋದಲ್ವಾ, ಸಿಹಿಯಾಗಿ ಮಾಡ್ತೀನಿ ಬಿಡು. ಬರುವಾಗ ಏರಿಯ ಮೇಲೆ ನಿಂತು ಅತ್ತೆ, ಸಿಟ್ಟಿಗೆ ಅತ್ತೆ, ನೀರುಕೋಳಿ ಕೂಗುತ್ತಿತ್ತು, ಹಾಳಾಗಿ ಹೋಗಲಿ ಎಂದು ಅದಕ್ಕೂ ಬೈದೆ, ಮನೆಗೆ ಬಂದರೆ ಹೆಲೆನ್ ಬಾಗಿಲಲ್ಲೇ, ಹೋಗಿದ್ಯಾ, ಸರಿಹೋಯ್ತಾ, ಹೋಯ್ತು ಎಂದೆ, ಅವಳು ಕುಣಿದು ನನ್ನ ತಬ್ಬಿಕೊಂಡಳು, ಅವಳ ಮಟ್ಟಿಗೆ ಸರಿಹೋಯಿತು.

ಎದ್ದರು ಎಲ್ಲ. ನಾನೂ ಎದ್ದೆ. ಸಮಾಧಾನ ಕೊಡುವ ಹೊತ್ತು, ವೇದಿಕೆಯಿಂದ ಇಳಿದು ಅಯ್ಯನವರು ಮೊದಲನೆಯವರ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿಯುತ್ತಾರೆ, ಅವರು ಪಕ್ಕದವರ ಕೈಯನ್ನು, ಹೀಗೆ ಕೈಯಿಂದ ಕೈಗೆ ಹಿಂದಿನ ಬೆಂಚಿನವರೆಗೂ ಹೋಗುತ್ತದೆ, ಹೆಂಗಸರ ಕಡೆ ಮೊದಲು ಸಿಗುವುದು ಮರಿಯಮ್ಮನಿಗೆ, ಸಿಕ್ಕಿತು, ತಿರುಗಿದಳು, ನೀಲಗಿರಿ ವಾಸನೆ, ಕೈ ಚಾಚಿದಳು, ಉಗುರಿನ ಸಂದಿಯಲ್ಲಿ ಇನ್ನೂ ನೇರಳೆ ಬಣ್ಣ, ಸಮಾಧಾನ ನಿನ್ನ ಸಂಗಡ ಇರ್ಲಿ ರಾಹೇಲಮ್ಮ, ಬಿಸಿ ಕೈ, ಒರಟು ಕೈ, ಇದೇ ಕೈ, ಇದೇ ಬೆರಳು, ಹಿಡಿದುಕೊಂಡೆ, ನಿನ್ನ ಸಂಗಡವೂ, ಎಂದಿತು ಬಾಯಿ, ಏನೂ ಬರಲಿಲ್ಲ ಒಳಗೆ, ಕೈ ಹಿಡಿದರೆ ಏನೋ ಬರುತ್ತದೆ ಎಂದು ಒಂದು ಮೂಲೆಯಲ್ಲಿ ಆಸೆಯಿತ್ತು ನನಗೆ, ಸುಳ್ಳು ಯಾಕೆ ಹೇಳಲಿ, ಬರಲಿಲ್ಲ, ಬಾರದ್ದನ್ನೇ ತಿರುಗಿ ಹೆಲೆನ್‌ಗೆ ಕೊಟ್ಟೆ. ಅವಳು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು, ಕಣ್ಣಲ್ಲಿ ನೀರು, ಹೊಸ ಬಿಳಿ ಸೀರೆ ಇನ್ನೂ ಗಂಜಿ ವಾಸನೆ ಹೊಡೆಯುತ್ತಿದೆ, ಸೆರಗನ್ನು ತಲೆಯ ಮೇಲಿಂದ ಜಾರದಂತೆ ಹಿಡಿಯುವುದಕ್ಕೂ ಬರುವುದಿಲ್ಲ ಈ ಕತ್ತೆಗೆ, ಅಪ್ಪನ ಮೂಗು, ಅಪ್ಪನ ಗದ್ದ, ನಿಮ್ಮ ಮಗಳು ನೋಡಿ, ಹೊಂಗೆ ಮರದ ಕಟ್ಟೆಯಿಂದ ಎದ್ದು ಬಂದು ಒಂದು ಸಲ ನೋಡಿ. ಕರ್ತನೇ, ನನಗೆ ಆಗುವುದಿಲ್ಲ, ಬೇಕಾದರೆ ನೀನೇ ತೆಗೆ, ನಾನು ಕಿತ್ತರೆ ಬರುವುದಿಲ್ಲ, ಎಷ್ಟು ಸಲ ಕಿತ್ತಿದ್ದೇನೆ, ಕೊಂಬೆ ಕೈಗೆ ಬರುತ್ತದೆ, ಬೇರು ಅಲ್ಲೇ ಇರುತ್ತದೆ, ಪರೀಕ್ಷೆ ಮಾಡಿಕೊಂಡೆ, ಮಾಡಿಕೊಂಡದ್ದು ಇಷ್ಟೇ, ಸಿಟ್ಟಿದೆ. ಎಲ್ಲರೂ ಮತ್ತೆ ಕೂತೆವು, ಬಿಳಿ ಬಟ್ಟೆ ತೆಗೆದರು. ಬಟ್ಟಲು ಅಲ್ಲೇ ಇದೆ, ಅದೇ ಬಟ್ಟಲು, ಒಂದಿಷ್ಟೂ ಬದಲಾಗಿಲ್ಲ.

ಮುಂದಿನ ಬೆಂಚು ಏಳಬೇಕು, ಹೆಲೆನ್ ಮೊಣಕೈಯಲ್ಲಿ ತಿವಿದಳು, ಎದ್ದೆ, ಕಲ್ಲಿನ ನೆಲ ತಣ್ಣಗೆ, ಕಟಕಟೆಯ ಕೆಳಗಿನ ದಿಂಬಿನಲ್ಲಿ ಮೊಣಕಾಲು ಊರಿದಾಗ ಲಟಕ್ ಎಂದಿತು, ಬಲಕ್ಕೆ ಮರಿಯಮ್ಮ, ಎಡಕ್ಕೆ ಹೆಲೆನ್, ಅದೇ ಜಾಗ, ಕಟಕಟೆಯ ಮರದಲ್ಲಿ ಅದೇ ಗಂಟು, ಮರಿಯಮ್ಮನ ಆಚೆ ಗಂಡಸರಲ್ಲಿ ಕೊನೆಯವನು ಯಾವುದೋ ಮಗುವಿನ ತಂದೆ, ಅವನ ಇಸ್ತ್ರಿ ಹಾಕಿದ ತೋಳು ಮಾತ್ರ ಕಾಣುತ್ತದೆ. ರೊಟ್ಟಿ ಬಂತು, ಅಂಗೈಯಲ್ಲಿ ಒಂದು ಚೂರು, ನಾಲಿಗೆಗೆ ಅಂಟಿಕೊಂಡಿತು, ಇಳಿಯಲಿಲ್ಲ, ಇಳಿಯಿತು. ಬಟ್ಟಲು ಬರುತ್ತಿದೆ. ಕಣ್ಣು ಮುಚ್ಚಬೇಕು, ಎಲ್ಲರೂ ಮುಚ್ಚಿದ್ದಾರೆ, ನನ್ನ ಕಣ್ಣು ಓರೆಯಾಗಿ ಅವಳ ಕೈಯ ಮೇಲೇ, ಒರೆಸುತ್ತಾಳಾ, ಒರೆಸು, ಒರೆಸಿ ತೋರಿಸು, ಎಲ್ಲರ ಹಿಂದೆಯೂ ಒರೆಸುವವಳಾದರೆ ಬಿಟ್ಟುಬಿಡುತ್ತೇನೆ ನಿನ್ನನ್ನ, ಅತ್ತೆ ಕಲಿಸಿದ ಅಭ್ಯಾಸ ಎಂದು ಬಿಟ್ಟುಬಿಡುತ್ತೇನೆ— ಆ ಗಂಡಸು ಕುಡಿದ, ಬಟ್ಟಲು ಅವಳಿಗೆ ಬಂತು, ಎರಡು ಕೈಯಲ್ಲೂ ಹಿಡಿದಳು, ಮುದುಕಿಯಾಗಿಬಿಟ್ಟಿದ್ದಾಳೆ, ನೇರ ತುಟಿಗೆ ಇಟ್ಟಳು, ಕುಡಿದಳು. ಒರೆಸಲಿಲ್ಲ. ಒರೆಸಲಿಲ್ಲ! ಅಂದರೆ ಅವರದನ್ನೇ, ಅವರೊಬ್ಬರದನ್ನೇ, ಅಭ್ಯಾಸವಂತೆ, ಎದೆಯೊಳಗೆ ಧಗ್ ಎಂದಿತು, ಮೊಣಕಾಲೂರಿಕೊಂಡು, ಬಾಯಲ್ಲಿ ರೊಟ್ಟಿಯ ರುಚಿ ಇನ್ನೂ ಇರುವಾಗಲೇ, ಅವಳ ತುಟಿಯಿಂದ ಒಂದು ಹನಿ ಅಂಚಿನಲ್ಲಿ ಜಾರಿ ನಿಂತಿದೆ, ಅಯ್ಯನವರು ಬಟ್ಟಲನ್ನು ನನ್ನ ಮುಖದ ಹತ್ತಿರ ತಂದಿದ್ದಾರೆ, ನನ್ನ ಸೆರಗಿನ ತುದಿ ನನ್ನ ಬೆರಳಿನಲ್ಲಿದೆ, ಯಾವಾಗ ಬಂತು, ಸುತ್ತಿಕೊಂಡಿದೆ ಆಗಲೇ, ಒರೆಸಿಬಿಡಲೇ, ಸುತ್ತಲೂ, ನಿಧಾನಕ್ಕೆ, ಅವಳು ನೋಡುವ ಹಾಗೆ, ಇಡೀ ಚರ್ಚು ನೋಡುವ ಹಾಗೆ, ಆಮೇಲೆ ಕೇಳಿದರೆ ನನಗೂ ನೆನಪಿಲ್ಲ ಎನ್ನಬಹುದು— ಅಮ್ಮ, ಎಂದಳು ಹೆಲೆನ್, ಉಸಿರಿನಲ್ಲಿ, ಅಷ್ಟೇ. ಸೆರಗು ಬಿಟ್ಟೆ. ಬಿಟ್ಟದ್ದು ಪ್ರೀತಿಗಲ್ಲ, ಮಗಳು ಪಕ್ಕದಲ್ಲಿದ್ದಾಳೆ ಎಂದು ಬಿಟ್ಟೆ, ಕ್ಷಮೆ ಗಿಮೆ ಏನೂ ಇಲ್ಲ ಕರ್ತನೇ, ಸಿಟ್ಟು ಇದ್ದ ಹಾಗೇ ಇದೆ, ಇದರ ಸಮೇತ ಬಂದಿದ್ದೇನೆ, ಬೇಕಾದರೆ ತಗೋ, ಆ ಹನಿಯ ಮೇಲೆಯೇ ತುಟಿ ಇಟ್ಟೆ, ಕುಡಿದೆ. ಸಿಹಿ. ಹೇಳಿದ ಹಾಗೇ ಸಿಹಿಯಾಗಿ ಮಾಡಿದ್ದಾಳೆ. ಗಂಟಲಲ್ಲಿ ಆ ಒಣಕೆಮ್ಮು ಎದ್ದಿತು, ತಡೆದರೂ ತಡೆಯಲಾಗಲಿಲ್ಲ, ಒಂದು ಸಲ, ಇನ್ನೊಂದು ಸಲ, ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ, ಆದರೂ ಆಯಿತಲ್ಲ, ಕುಡಿದೆನಲ್ಲ, ನನ್ನಿಂದ ಆದದ್ದು ಇಷ್ಟು, ಇನ್ನು ಮಗಳು ಕುಡಿಯಲಿ, ಅಪ್ಪ ಬಿಟ್ಟು ಹೋದದ್ದನ್ನು ಮಗಳು ಕುಡಿಯುವುದನ್ನು ನೋಡಬೇಕು, ಅದಕ್ಕಾಗಿ ತಾನೇ ಬಂದದ್ದು, ಎಡಕ್ಕೆ ತಿರುಗಿದೆ, ಬಟ್ಟಲು ಅವಳ ಮುಂದಿದೆ, ಒಂದು ಕೈಯಲ್ಲಿ ಅದರ ಕಾಲು ಹಿಡಿದಿದ್ದಾಳೆ, ಒಂದೇ ಕೈಯಲ್ಲಿ, ಇನ್ನೊಂದು ಕೈ— ಬಿಳಿ ಸೀರೆ, ಹೊಸ ಸೆರಗಿನ ತುದಿ, ಬೆರಳಿಗೆ ಸುತ್ತಿ, ಅಂಚನ್ನು, ನನ್ನ ತುಟಿ ತಗಲಿದ ಅಂಚನ್ನು, ಸುತ್ತಲೂ, ನಿಧಾನಕ್ಕೆ, ಮನೆಯಲ್ಲಿ ಲೋಟ ಒರೆಸುವ ಹಾಗೆ, ಕಣ್ಣು ಮುಚ್ಚಿದ್ದಾಳೆ, ತುಟಿಯಲ್ಲಿ ಪ್ರಾರ್ಥನೆ ಅದುರುತ್ತಿದೆ, ಮುಖದ ತುಂಬ ಸಂತೋಷ, ಅವಳಿಗೆ ಗೊತ್ತಿಲ್ಲ, ಒರೆಸಿದ್ದು ಅವಳಿಗೆ ಗೊತ್ತೇ ಇಲ್ಲ, ಕೇಳಿದರೆ, ಯಾವಾಗಮ್ಮ, ನಾನಾ, ನಂಗೆ ನೆನಪೇ ಇಲ್ಲ— ಸೆರಗಿನ ತುದಿ, ಬೆರಳು, ಬಟ್ಟಲಿನ ಅಂಚು, ಸುತ್ತಲೂ, ಸುತ್ತಲೂ—